ಕೂಡದೆ ಸಿಕ್ಕ ಮೊತ್ತ

ಜುಲೈ ಹುಟ್ಟಿತೆಂದರೆ ಮಂಡ್ಯ, ಮೈಸೂರು ಕಡೆ ಪತ್ರಿಕೆಯ ಒಂದು ಪುಟ್ಟ ಚೌಕಕ್ಕೆ ಜೀವ ಬರುತ್ತದೆ. ಕೆಆರ್‌ಎಸ್ ಜಲಾಶಯ, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು, ಸಂಗ್ರಹ ಇಷ್ಟು ಟಿಎಂಸಿ. ರಾಜಕಾರಣದ ಸುದ್ದಿಗಿಂತ ಮೊದಲು ಕಣ್ಣು ಹೋಗುವುದು ಅಲ್ಲಿಗೆ. ಕೊಡಗಿನಲ್ಲಿ ಮಳೆ ಹಿಡಿದಿದೆ ಎಂಬ ಸುದ್ದಿಯ ಬೆನ್ನಿಗೇ ಒಳಹರಿವಿನ ಅಂಕಿ ಏರತೊಡಗುತ್ತದೆ. ಹೋಟೆಲಿನ ಬೆಂಚಿನಲ್ಲಿ ಕೂತು ಪತ್ರಿಕೆ ಮಡಚುತ್ತ ಯಾರಾದರೊಬ್ಬರು, "ಹಿಂಗೇ ಬಂದ್ರೆ ಇನ್ನೊಂದ್ ವಾರಕ್ಕೆ ಕಟ್ಟೆ ತುಂಬ್ತದೆ ಬುಡಿ" ಎಂದು ತೀರ್ಪು ಕೊಡುತ್ತಾರೆ. ಕಲನಶಾಸ್ತ್ರದ ಅರ್ಧಭಾಗ ಆ ಒಂದು ಮಾತಿನಲ್ಲಿದೆ.

ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ಅದು ನೀರಿನ ವೇಗದ ಮಾತು, ನೀರಿನ ಮಾತಲ್ಲ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅದು ಕಟ್ಟೆಯಲ್ಲಿ ಕೂತಿರುವ ನೀರು. ಒಂದು ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ, ಸುಮಾರು 11,574 ಕ್ಯೂಸೆಕ್ ನೀರು ಒಂದಿಡೀ ದಿನ ಒಂದೇ ಸಮ ಹರಿದು ಬಂದರೆ ಒಂದು ಟಿಎಂಸಿ ಸೇರುತ್ತದೆ. ಕೆಆರ್‌ಎಸ್ ಎಂಬ ಈ ಕನ್ನಂಬಾಡಿ ಕಟ್ಟೆಯ ಪೂರ್ಣ ಸಾಮರ್ಥ್ಯ 49.452 ಟಿಎಂಸಿ. ಹೊಳೆ ಒಂದೇ ಸಮ ಹರಿಯುವ ಹಾಗಿದ್ದರೆ ಒಂದು ಗುಣಾಕಾರಕ್ಕೆ ಎಲ್ಲ ಮುಗಿಯುತ್ತಿತ್ತು. ಆದರೆ ಹೊಳೆಗೆ ಆ ಶಿಸ್ತಿಲ್ಲ. ಬೆಳಗ್ಗೆ ಹನ್ನೆರಡು ಸಾವಿರವಿದ್ದದ್ದು ಸಂಜೆಗೆ ಇಪ್ಪತ್ತು ಸಾವಿರ, ನಡುರಾತ್ರಿಗೆ ಎಷ್ಟೋ. ಕ್ಷಣಕ್ಷಣಕ್ಕೂ ವೇಗ ಬದಲಾಗುತ್ತಿರುವಾಗ ಒಟ್ಟು ಎಷ್ಟು ಬಂತೆಂದು ಹೇಳುವುದು ಹೇಗೆ? ಅನುಕಲನದ ಪುಸ್ತಕಗಳು ಎಷ್ಟೇ ದಪ್ಪವಿರಲಿ, ಅವುಗಳ ಬುಡದಲ್ಲಿರುವ ಪ್ರಶ್ನೆ ಇದೊಂದೇ.

ಆ ಚೌಕದಲ್ಲಿ ಇನ್ನೊಂದು ಅನುಕಲನವೂ ಇದೆ, ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ನೀರಿನ ಮಟ್ಟ ಅಡಿಗಳಲ್ಲಿ, ಸಂಗ್ರಹ ಟಿಎಂಸಿಯಲ್ಲಿ. ಅಡಿಯಿಂದ ಟಿಎಂಸಿಗೆ ದಾಟುವುದು ಹೇಗೆ? ಎಲ್ಲ ಅಡಿಗಳೂ ಒಂದೇ ಸಮ ಅಲ್ಲ. ತಳದಲ್ಲಿ ಕಣಿವೆ ಇಕ್ಕಟ್ಟು. ಅಲ್ಲಿ ಒಂದು ಅಡಿ ಏರಿದರೆ ಸೇರಿದ ನೀರು ಅಷ್ಟಕ್ಕಷ್ಟೆ. ಮೇಲೆ ಹೋದಂತೆ ನೀರು ಹೊಲಗದ್ದೆಗಳ ಸಮತಟ್ಟಿನ ಮೇಲೆ ಹರಡಿಕೊಳ್ಳುತ್ತದೆ. ಅಲ್ಲಿ ಒಂದು ಅಡಿ ಏರಲು ನದಿ ದಿನಗಟ್ಟಲೆ ದುಡಿಯಬೇಕು. ಅಣೆಕಟ್ಟೆ ಕಟ್ಟುವ ಮುನ್ನ ಎಂಜಿನಿಯರುಗಳು ಕಣಿವೆಯನ್ನೆಲ್ಲ ಅಳೆದು ಸಮೋನ್ನತಿ ರೇಖೆಗಳ ನಕ್ಷೆ ಬರೆಯುತ್ತಾರೆ. ಒಂದೊಂದು ಎತ್ತರದಲ್ಲೂ ನೀರಿನ ಹರವು ಎಷ್ಟಾದೀತು ಎಂದು ನಕ್ಷೆಯಲ್ಲೇ ಲೆಕ್ಕ ಹಾಕುತ್ತಾರೆ. ಅಕ್ಕಪಕ್ಕದ ಎರಡು ಹರವುಗಳ ಸರಾಸರಿ ಹಿಡಿದು, ನಡುವಿನ ಎತ್ತರದಿಂದ ಗುಣಿಸಿ, ಹೀಗೆ ಬಂದ ಪದರಗಳನ್ನೆಲ್ಲ ಕೂಡುತ್ತಾರೆ. ನೀರು ಬರುವುದಕ್ಕೆ ವರ್ಷಗಳ ಮುಂಚೆಯೇ ಕಾಗದದ ಮೇಲೆ ಕಟ್ಟೆ ಪದರಪದರವಾಗಿ ತುಂಬಿರುತ್ತದೆ.

ನನಗೆ ಬೆರಗಾಗುವುದು ಇಲ್ಲಿ. ಒಂದು ಲೆಕ್ಕ ಕಾಲದ ಉದ್ದಕ್ಕೂ ನಡೆದದ್ದು: ಗಳಿಗೆ ಗಳಿಗೆಗೆ ಬಂದ ನೀರನ್ನು ಕೂಡುತ್ತ, ಹೋದ ನೀರನ್ನು ಕಳೆಯುತ್ತ ಬಂದದ್ದು. ಇನ್ನೊಂದು ಎತ್ತರದ ಉದ್ದಕ್ಕೂ ನಡೆದದ್ದು: ಮಲಗಿದ ಪದರಗಳನ್ನು ಒಂದರ ಮೇಲೊಂದು ಪೇರಿಸುತ್ತ ಹೋದದ್ದು. ಒಂದರಲ್ಲಿ ಗಡಿಯಾರ, ಇನ್ನೊಂದರಲ್ಲಿ ಅಳತೆಪಟ್ಟಿ. ಒಂದಕ್ಕೊಂದು ಮುಖ ನೋಡದ ಈ ಎರಡು ಲೆಕ್ಕಗಳು ಒಂದೇ ಮೊತ್ತಕ್ಕೆ ಬಂದು ನಿಲ್ಲುತ್ತವೆ. ನೀರು ಒಂದೇ ಆದ್ದರಿಂದ ನಿಲ್ಲಲೇಬೇಕು, ಅದರಲ್ಲೇನು ಎಂದು ಕೇಳಬಹುದು. ಸರಿಯೇ. ಆ 'ಲೇಬೇಕು' ಎಲ್ಲಿಂದ ಬರುತ್ತದೆ ಎಂದು ಬೆನ್ನು ಹತ್ತಿದರೆ ಎರಡು ಸಾವಿರ ವರ್ಷ ಹಿಂದಕ್ಕೆ ನಡೆಯಬೇಕಾಗುತ್ತದೆ.

ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದಲ್ಲಿ ಆರ್ಕಿಮಿಡೀಸ್ ಪರವಲಯದ ಒಂದು ತುಂಡನ್ನು ಅಳೆಯಲು ಕೂತ. ಬಾಗಿದ ಅಂಚಿನ ಆಕೃತಿಯನ್ನು ನೇರ ಅಂಚಿನ ಆಕೃತಿಗಳಿಂದ ಅಳೆಯುವುದೇ ಇಲ್ಲಿನ ಪೇಚು. ಅವನು ತುಂಡಿನೊಳಗೆ ಹಿಡಿಸುವಂಥ ಒಂದು ತ್ರಿಕೋನ ಕೂರಿಸಿದ. ಆಚೆ ಈಚೆ ಉಳಿದ ಎರಡು ಸಂದುಗಳಲ್ಲಿ ಇನ್ನೆರಡು ತ್ರಿಕೋನ. ಅವೆರಡೂ ಸೇರಿ ಮೊದಲನೆಯದರ ಸರಿಯಾಗಿ ನಾಲ್ಕನೇ ಒಂದು ಭಾಗ. ಉಳಿದ ನಾಲ್ಕು ಸಂದುಗಳಲ್ಲಿ ಮತ್ತೆ ನಾಲ್ಕು. ಎಲ್ಲ ಸೇರಿ ಹದಿನಾರನೇ ಒಂದು ಭಾಗ. ಸಂದುಗಳು ಎಂದೂ ಮುಗಿಯುವುದಿಲ್ಲ, ತ್ರಿಕೋನಗಳೂ ಮುಗಿಯುವುದಿಲ್ಲ. ಆದರೂ ಎಲ್ಲದರ ಮೊತ್ತ ಮೊದಲ ತ್ರಿಕೋನದ ಮೂರನೇ ನಾಲ್ಕರಷ್ಟು, ಅಂದರೆ ಅದು ಮತ್ತು ಅದರ ಮೂರನೇ ಒಂದು ಭಾಗ. ಮುಗಿಯದ ಸಂಕಲನವನ್ನು ಮುಗಿಸಿಬಿಟ್ಟೆ ಎಂದು ಆತ ಹೇಳಿಕೊಳ್ಳಲಿಲ್ಲ. ಉತ್ತರ ಇದಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ ಎಂದು ತೋರಿಸಿದ, ಕಡಿಮೆ ಇರಲೂ ಸಾಧ್ಯವಿಲ್ಲ ಎಂದು ತೋರಿಸಿದ, ಪೆನ್ನು ಕೆಳಗಿಟ್ಟ. ಪೆನ್ನು ಎಂದದ್ದು ಬಾಯಿತಪ್ಪಿ. ಮರಳೋ ಮೇಣವೋ ಇದ್ದೀತು.

ಇಷ್ಟು ಬಿಗಿಯಾದ ಸಾಧನೆಗೆ ಮೊದಲು ಉತ್ತರ ಹೊಳೆದದ್ದು ಹೇಗೆ ಎಂಬುದು ಬಹುಕಾಲ ಒಗಟಾಗಿತ್ತು. 1906ರಲ್ಲಿ ಹೈಬರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಳೆಯ ಪ್ರಾರ್ಥನಾ ಪುಸ್ತಕವೊಂದನ್ನು ಪರೀಕ್ಷಿಸಿದಾಗ, ಪ್ರಾರ್ಥನೆಗಳ ಅಡಿಯಲ್ಲಿ ಕೆರೆದು ಅಳಿಸಿದ ಗ್ರೀಕ್ ಅಕ್ಷರಗಳು ಮಸುಕಾಗಿ ಕಂಡವು. ಹದಿಮೂರನೆಯ ಶತಮಾನದಲ್ಲಿ ಯಾರೋ ಚರ್ಮದ ಹಾಳೆಗಳ ಆಸೆಗೆ ಆರ್ಕಿಮಿಡೀಸನನ್ನು ಒರೆಸಿ ಹಾಕಿದ್ದರು. ಅಳಿಸಿದ್ದರಲ್ಲಿ ಒಂದು, ಆತ ಅಲೆಕ್ಸಾಂಡ್ರಿಯದ ಎರಟೋಸ್ತನೀಸನಿಗೆ ಬರೆದು ಕಳಿಸಿದ್ದ ಬರಹ. ಆಕೃತಿಗಳನ್ನು ತೆಳ್ಳನೆಯ ಸೀಳುಗಳೆಂದು ಭಾವಿಸಿ, ಮನಸ್ಸಿನಲ್ಲೇ ಒಂದು ತಕ್ಕಡಿ ಹಿಡಿದು, ಈ ಸೀಳಿಗೆ ಆ ಸೀಳನ್ನು ತೂಗಿ ನೋಡುತ್ತಿದ್ದನಂತೆ. ಇದು ಸಾಧನೆ ಅಲ್ಲ, ಆದರೆ ಉತ್ತರದ ಸುಳಿವು ಮೊದಲೇ ಇದ್ದರೆ ಸಾಧನೆ ಸಲೀಸು ಎಂಬರ್ಥದ ಮಾತೂ ಅಲ್ಲಿದೆ. ಹೊಸದಾಗಿ ಅನುಕಲನ ಕಲಿಯುವವರಿಗೆ ಮೊದಲ ಪಾಠವಾಗಿ ಆ ಹಾಳೆಗಳನ್ನೇ ಓದಿಸಬೇಕು ಎನ್ನುವುದು ನನ್ನ ಹಟ.

ಯಾಕೆಂದರೆ ಕೈಯಾರೆ ಸೀಳದೆ ಇದು ಒಳಗೆ ಇಳಿಯುವುದಿಲ್ಲ. ಒಂದು ಗ್ರಾಫ್ ಹಾಳೆ ಸಾಕು. ಸೊನ್ನೆಯಿಂದ ಒಂದರವರೆಗೆ ವರ್ಗದ ವಕ್ರರೇಖೆ ಬರೆಯಿರಿ: ಅರ್ಧದಲ್ಲಿ ಅದರ ಎತ್ತರ ಕಾಲು, ಒಂದರಲ್ಲಿ ಒಂದು. ಅಡಿಯ ಗೆರೆಯನ್ನು ಹತ್ತು ಪಾಲು ಮಾಡಿ ಪ್ರತಿ ಪಾಲಿನ ಮೇಲೂ ಒಂದು ನೆಟ್ಟಗಿನ ಪಟ್ಟಿ ನಿಲ್ಲಿಸಿ. ಪಟ್ಟಿಗಳ ತಲೆ ರೇಖೆಯ ಒಳಗೇ ಇರಲಿ ಎಂದರೆ ಒಟ್ಟು ವಿಸ್ತೀರ್ಣ 0.285. ರೇಖೆಯನ್ನು ಮೀರಿ ನಿಲ್ಲಲಿ ಎಂದರೆ 0.385. ನಿಜವಾದ ಉತ್ತರ ಇವೆರಡರ ನಡುವೆ ಎಲ್ಲೋ ಇದೆ. ನೂರು ಪಾಲು ಮಾಡಿದರೆ 0.32835 ಮತ್ತು 0.33835. ಸಾವಿರ ಪಾಲಾದರೆ 0.3328335 ಮತ್ತು 0.3338335. ಕೆಳಗಿನದು ಏರುತ್ತಿದೆ, ಮೇಲಿನದು ಇಳಿಯುತ್ತಿದೆ, ನಡುವಿನ ಅಂತರ ಹತ್ತುಪಟ್ಟು ಹತ್ತುಪಟ್ಟು ಕುಗ್ಗುತ್ತಿದೆ. ಎರಡರ ಮಧ್ಯೆ ಸಿಕ್ಕಿಬಿದ್ದದ್ದು ಮೂರನೇ ಒಂದು. ಈ ಮೂರನೇ ಒಂದು ಯಾವ ಹಂತದಲ್ಲೂ ನಮ್ಮ ಕೈಗೆ ಬಂದಿಲ್ಲ. ಲಕ್ಷ ಪಾಲು ಮಾಡಿದರೂ ಬರುವುದಿಲ್ಲ. ಯಾರೂ ಎಂದೂ ಕೂಡಿ ಪಡೆಯದ ಒಂದು ಸಂಖ್ಯೆಯನ್ನು ನಾವು ಮೊತ್ತ ಎಂದು ಕರೆಯುತ್ತೇವೆ, ಅದರ ಬಗ್ಗೆ ನಮಗೆ ಎಳ್ಳಷ್ಟೂ ಅನುಮಾನವಿಲ್ಲ.

ಹೀಗೆ ಸೀಳಿ ಕೂಡುವ ದಾರಿ ನಮ್ಮ ದಕ್ಷಿಣದವರಿಗೂ ಗೊತ್ತಿತ್ತು. ಸಹ್ಯಾದ್ರಿಯ ಮಗ್ಗುಲಿನ ಊರಿನವನೆಂದು ತನ್ನನ್ನು ಹೇಳಿಕೊಂಡ ಭಾಸ್ಕರಾಚಾರ್ಯ 1150ರಲ್ಲಿ 'ಸಿದ್ಧಾಂತ ಶಿರೋಮಣಿ' ಬರೆದ. ಗೋಲದ ಮೈ ವಿಸ್ತೀರ್ಣದ ವಿಷಯಕ್ಕೆ ಬಂದಾಗ ತನಗಿಂತ ಹಿಂದಿನ ಲಲ್ಲನ ಸೂತ್ರ ತಪ್ಪೆಂದು ಜಾಡಿಸುತ್ತಾನೆ, ಆಮೇಲೆ ತನ್ನ ದಾರಿ ತೋರಿಸುತ್ತಾನೆ. ನೆಲ್ಲಿಕಾಯಿಯ ಮೈಮೇಲೆ ತೊಟ್ಟಿನಿಂದ ತಳದವರೆಗೆ ಗೆರೆಗಳಿರುತ್ತವಲ್ಲ, ಹಾಗೆ ಗೋಲದ ಮೈಯನ್ನು ಸೀಳುಗಳಾಗಿ ಗುರುತಿಸು ಎನ್ನುತ್ತಾನೆ. ಬೆಟ್ಟದ ನೆಲ್ಲಿಕಾಯಿಯನ್ನು ಬೆಳಕಿಗೆ ಹಿಡಿದರೆ ಆರು ಗೆರೆ ಎಣಿಸಬಹುದು. ಆಚಾರ್ಯ ಎಳೆದದ್ದು ತೊಂಬತ್ತಾರು. ಪ್ರತಿ ಸೀಳನ್ನೂ ಅಡ್ಡಡ್ಡ ಚಿಕ್ಕ ತುಂಡುಗಳಾಗಿ ಕತ್ತರಿಸಿ, ವೃತ್ತದ ಕಾಲುಭಾಗಕ್ಕೆ ಇಪ್ಪತ್ತನಾಲ್ಕು ಜ್ಯಾಗಳ, ಅಂದರೆ ಸೈನ್ ಬೆಲೆಗಳ, ಕೋಷ್ಟಕ ಮುಂದಿಟ್ಟುಕೊಂಡು ಅವುಗಳ ವಿಸ್ತೀರ್ಣ ಕೂಡುತ್ತ ಹೋಗುತ್ತಾನೆ. ನಡುವಿನಲ್ಲಿ ಒಂದು ಮಾನ ಅಗಲವಿರುವ ಒಂದು ಸೀಳಿನ ವಿಸ್ತೀರ್ಣ ಗೋಲದ ವ್ಯಾಸದಷ್ಟೇ ಎಂದು ಹೊರಬರುತ್ತದೆ. ಅಂದಮೇಲೆ ಇಡೀ ಗೋಲದ ಮೈ ಪರಿಧಿಯನ್ನು ವ್ಯಾಸದಿಂದ ಗುಣಿಸಿದಷ್ಟು. ಸರಿಯಾದ ಉತ್ತರ ಅದೇ.

ಆಮೇಲೆ ಕೇರಳ. ಇರಿಂಞಾಲಕ್ಕುಡದ ಆಸುಪಾಸಿನವನೆಂದು ಬಲ್ಲವರು ಹೇಳುವ ಸಂಗಮಗ್ರಾಮದ ಮಾಧವ, ಹದಿನಾಲ್ಕನೆಯ ಶತಮಾನದವನು, ವೃತ್ತದ ಪರಿಧಿಯನ್ನು ಬೆಸ ಸಂಖ್ಯೆಗಳಲ್ಲಿ ಬಿಡಿಸಿದ: ಒಂದರಲ್ಲಿ ಮೂರನೇ ಒಂದು ಕಳೆ, ಐದನೇ ಒಂದು ಕೂಡು, ಏಳನೇ ಒಂದು ಕಳೆ, ಹೀಗೇ ಹೋದರೆ ಸಿಗುವುದು ಪೈಯ ಕಾಲುಭಾಗ. ಇದರ ಪೂರ್ತಿ ವಿವರಣೆ 1530ರ ಸುಮಾರಿಗೆ ಜ್ಯೇಷ್ಠದೇವ ಬರೆದ 'ಯುಕ್ತಿಭಾಷಾ'ದಲ್ಲಿದೆ. ವೃತ್ತವನ್ನು ಮುಟ್ಟಿ ನಿಂತ ಚೌಕದ ಅಂಚನ್ನು ಅತಿ ಸಣ್ಣ ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ವೃತ್ತದ ಎಷ್ಟು ಕಮಾನು ಸಲ್ಲುತ್ತದೆ ಎಂದು ನೋಡಿ, ಎಲ್ಲವನ್ನೂ ಕೂಡುವ ದಾರಿ ಅದು. ಕೂಡುವಾಗ ಒಂದು ಮಾತು ಬೇಕಾಗುತ್ತದೆ: ತುಂಡುಗಳು ಲೆಕ್ಕವಿಲ್ಲದಷ್ಟಾದಾಗ ಒಂದರಿಂದ ಮುಂದಿನ ಸಂಖ್ಯೆಗಳ ಮೊತ್ತ ಕೊನೆಯದರ ವರ್ಗದ ಅರ್ಧ, ವರ್ಗಗಳ ಮೊತ್ತ ಘನದ ಮೂರನೇ ಒಂದು, ಘನಗಳ ಮೊತ್ತ ಅದರ ಮುಂದಿನ ಘಾತದ ನಾಲ್ಕನೇ ಒಂದು. ನಮ್ಮ ಗ್ರಾಫ್ ಹಾಳೆಯ ಮೂರನೇ ಒಂದು ಅಲ್ಲಿ ಕೂತಿದೆ. ಪುಸ್ತಕ ಇರುವುದು ಮಲಯಾಳದಲ್ಲಿ, ಗದ್ಯದಲ್ಲಿ, ಯಾಕೆ ಹೀಗೆ ಎಂಬ ಕಾರಣಗಳ ಸಮೇತ. ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ 'ವ್ಯವಹಾರಗಣಿತ' ಬರೆದವನು. ಅಲ್ಲಿಂದ ಮುಂದೆ ಈ ದಾರಿ ಹಿಡಿದ ಒಬ್ಬ ಜ್ಯೇಷ್ಠದೇವ ನಮಗೆ ಒದಗಲಿಲ್ಲವಲ್ಲ ಎಂದು ಒಳಗೊಳಗೇ ಹೊಟ್ಟೆಕಿಚ್ಚು.

ಆದರೆ ಇವರೆಲ್ಲ ಕೂಡಿದವರು. ಬೆವರು ಸುರಿಸಿ ಕೂಡಿದವರು. ಪ್ರತಿ ಹೊಸ ಆಕೃತಿಗೂ ಹೊಸದೊಂದು ಉಪಾಯ ಬೇಕಿತ್ತು. ಇಂದು ದ್ವಿತೀಯ ಪಿಯುಸಿಯ ಹುಡುಗಿಗೆ ಅದೇ ಲೆಕ್ಕ ಎರಡು ಸಾಲು. ಎಕ್ಸ್ ವರ್ಗದ ಅನುಕಲನ ಎಂದರೆ ಎಕ್ಸ್ ಘನ ಭಾಗಿಸು ಮೂರು. ಮೇಲಿನ ಮಿತಿ ಹಾಕು, ಕೆಳಗಿನ ಮಿತಿ ಹಾಕು, ಕಳೆ. ಮೂರನೇ ಒಂದು. ನನ್ನ ತಂಗಿಯ ಮಗಳು ಇಂಥ ಲೆಕ್ಕಗಳನ್ನು ಹಪ್ಪಳ ಮುರಿದಂತೆ ಮುರಿಯುತ್ತಾಳೆ. ಒಂದು ಸಂಜೆ ಪುಟ ತಿರುವುತ್ತ ಇದ್ದವಳು ತಲೆಯೆತ್ತಿ ಕೇಳಿದಳು: "ಮಾವ, ಇಂಟಿಗ್ರೇಷನ್ ಅಂದ್ರೆ ಕೂಡೋದು ಅಂತೀರ. ನಮ್ ಲೆಕ್ಚರರೂ ಅದೇ ಹೇಳಿದ್ರು. ಆದ್ರೆ ನಾನು ಎಲ್ಲೂ ಕೂಡ್ತಾನೇ ಇಲ್ವಲ್ಲ? ಕೊನೇಲಿ ಕಳೀತಿದ್ದೀನಿ ಅಷ್ಟೇ."

ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ವಿಷಯದಲ್ಲಿ ಇನ್ನೊಂದಿಲ್ಲ. ಕೋಟಿಗಟ್ಟಲೆ ಪಟ್ಟಿಗಳ ಸಂಕಲನ ಒಂದೇ ಒಂದು ವ್ಯವಕಲನಕ್ಕೆ ಇಳಿದದ್ದು ಹೇಗೆ?

ಉತ್ತರಕ್ಕೆ 1672ರ ಪ್ಯಾರಿಸ್‌ಗೆ ಹೋಗಬೇಕು. ಲೈಬ್ನಿಟ್ಸ್ ಆಗ ಇಪ್ಪತ್ತಾರರ ಜರ್ಮನ್ ಯುವಕ, ಕಾನೂನು ಓದಿದವನು, ರಾಜತಾಂತ್ರಿಕ ಕೆಲಸದ ಮೇಲೆ ಬಂದವನು, ಗಣಿತದಲ್ಲಿ ಇನ್ನೂ ಕಲಿಯುವ ಹಂತದಲ್ಲಿದ್ದ. ಅವನ ಕೈಗೆ ಅಲ್ಲಿದ್ದ ಹಿರಿಯ ಗಣಿತಜ್ಞ ಹೈಗನ್ಸ್ ಒಂದು ಲೆಕ್ಕ ಕೊಟ್ಟ: ಒಂದು, ಮೂರನೇ ಒಂದು, ಆರನೇ ಒಂದು, ಹತ್ತನೇ ಒಂದು, ಹದಿನೈದನೇ ಒಂದು, ಹೀಗೇ ಕೊನೆಯಿಲ್ಲದೆ ಕೂಡಿದರೆ ಎಷ್ಟು? ಲೈಬ್ನಿಟ್ಸ್ ಕೂಡಲು ಹೋಗಲಿಲ್ಲ. ಪ್ರತಿಯೊಂದನ್ನೂ ಎರಡು ಸಂಖ್ಯೆಗಳ ವ್ಯತ್ಯಾಸವಾಗಿ ಒಡೆದ. ಒಂದು ಎಂದರೆ ಎರಡರಲ್ಲಿ ಒಂದು ಕಳೆದದ್ದು. ಮೂರನೇ ಒಂದು ಎಂದರೆ ಒಂದರಲ್ಲಿ ಮೂರನೇ ಎರಡು ಕಳೆದದ್ದು. ಆರನೇ ಒಂದು ಎಂದರೆ ಮೂರನೇ ಎರಡರಲ್ಲಿ ನಾಲ್ಕನೇ ಎರಡು ಕಳೆದದ್ದು. ಹತ್ತನೇ ಒಂದು, ನಾಲ್ಕನೇ ಎರಡರಲ್ಲಿ ಐದನೇ ಎರಡು. ಈಗ ಸಾಲಾಗಿ ಬರೆದು ನೋಡಿದರೆ, ಒಂದರಲ್ಲಿ ಕಳೆದದ್ದನ್ನೇ ಮುಂದಿನದು ಕೂಡುತ್ತಿದೆ. ನಡುವಿನವೆಲ್ಲ ಒಂದನ್ನೊಂದು ನುಂಗಿಕೊಂಡು ಹೋಗುತ್ತವೆ. ಮೊದಲಿನ ಎರಡು ಮಾತ್ರ ಉಳಿಯುತ್ತದೆ. ಕೊನೆಯ ಪದ ಸವೆದು ಸೊನ್ನೆಯಾಗುತ್ತದೆ. ಮೊತ್ತ ಎರಡು.

ಲೈಬ್ನಿಟ್ಸ್ ಈ ಎಳೆಯನ್ನು ಬಿಡಲಿಲ್ಲ. ವ್ಯತ್ಯಾಸಗಳನ್ನೆಲ್ಲ ಕೂಡಿದರೆ ಸಿಗುವುದು ಕೊನೆ ಮತ್ತು ಮೊದಲುಗಳ ವ್ಯತ್ಯಾಸ. ಮಾತು ಇಷ್ಟೇ, ಮಗುವಿಗೂ ಗೊತ್ತಿರುವಂಥದ್ದು. ಆಷಾಢ ಕಳೆದ ಮೇಲೆ ಕಟ್ಟೆಯಲ್ಲಿ ಎಷ್ಟು ನೀರು ಹೆಚ್ಚಿತು ಎಂದು ತಿಳಿಯಲು ದಿನದಿನದ ಏರಿಳಿತವನ್ನು ಬರೆದಿಟ್ಟು ಕೂಡಬೇಕಾಗಿಲ್ಲ. ಆಷಾಢದ ಮೊದಲ ದಿನದ ಸಂಗ್ರಹ, ಕೊನೆಯ ದಿನದ ಸಂಗ್ರಹ, ಎರಡನ್ನೂ ನೋಡಿ ಕಳೆದರೆ ಮುಗಿಯಿತು. ಬಂದದ್ದು, ಬಿಟ್ಟದ್ದು, ಬಿಸಿಲಿಗೆ ಆವಿಯಾದದ್ದು ಎಲ್ಲವೂ ಅದರೊಳಗೆ ಲೆಕ್ಕವಾಗಿರುತ್ತದೆ. ಇಡೀ ತಿಂಗಳ ಕತೆಗೆ ಎರಡೇ ಎರಡು ನೋಟ.

ಕಟ್ಟೆಯ ವಿಷಯದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ವಕ್ರರೇಖೆಯ ಕೆಳಗಿನ ಜಾಗದ ವಿಷಯದಲ್ಲಿ ಕಾಣುವುದಿಲ್ಲ, ಯಾಕೆಂದರೆ ಅದನ್ನು ನಾವು ನಿಂತ ಆಕೃತಿ ಎಂದುಕೊಂಡಿದ್ದೇವೆ. ಅದನ್ನು ತುಂಬುತ್ತಿರುವ ಪಾತ್ರೆ ಎಂದು ನೋಡಿದ್ದೇ ಹದಿನೇಳನೆಯ ಶತಮಾನದ ದೊಡ್ಡ ಕಾಣ್ಕೆ. ಬಲಬದಿಯ ಅಂಚನ್ನು ಮೆಲ್ಲಗೆ ಮುಂದೆ ತಳ್ಳುತ್ತ ಹೋಗಿ. ಜಾಗ ಬೆಳೆಯುತ್ತದೆ. ಎಷ್ಟು ಬೇಗ ಬೆಳೆಯುತ್ತದೆ? ಅಂಚು ಈಗ ನಿಂತಲ್ಲಿ ರೇಖೆ ಎಷ್ಟು ಎತ್ತರವಿದೆಯೋ ಅಷ್ಟು ಬೇಗ: ರೇಖೆ ಎತ್ತರವಿದ್ದಲ್ಲಿ ಪ್ರತಿ ಹೆಜ್ಜೆಗೂ ಹೆಚ್ಚು ಸೇರುತ್ತದೆ, ತಗ್ಗಿದ್ದಲ್ಲಿ ಕಡಿಮೆ. ಅಂದರೆ ಆ ರೇಖೆಯೇ ಒಳಹರಿವು, ಅದರ ಕೆಳಗಿನ ಜಾಗವೇ ಸಂಗ್ರಹ. ಹಾಗಾದರೆ ಯಾವ ಸಂಗ್ರಹದ ಬೆಳವಣಿಗೆಯ ವೇಗ ಈ ರೇಖೆಯಾಗುತ್ತದೆ ಎಂದು ಪತ್ತೆಹಚ್ಚಿದರೆ ಸಾಕು. ಎರಡು ಕೊನೆಗಳಲ್ಲಿ ಅದನ್ನು ನೋಡಿ ಕಳೆದುಬಿಟ್ಟರಾಯಿತು. ನ್ಯೂಟನ್ ತನ್ನ ಬರಹಗಳಲ್ಲಿ ಬಳಸಿದ್ದು ಹರಿವಿನ ಭಾಷೆಯನ್ನೇ. ಬೆಳೆಯುವ ಪರಿಮಾಣಗಳನ್ನು ಹರಿಯುವವು ಎಂದೇ ಕರೆದ. 1665ರಲ್ಲಿ ಪ್ಲೇಗಿಗೆ ಹೆದರಿ ಕೇಂಬ್ರಿಜ್ ಬಾಗಿಲು ಹಾಕಿದಾಗ ಊರು ಸೇರಿದ್ದ ಆತ ಈ ದಾರಿಯಲ್ಲಿ ಬಹುದೂರ ನಡೆದಿದ್ದ, ಆದರೆ ಅಚ್ಚು ಹಾಕಿಸಲಿಲ್ಲ. ಕೇಂಬ್ರಿಜ್‌ನ ಹಿರಿಯ ಬ್ಯಾರೋ ಇದೇ ಮಾತನ್ನು ರೇಖಾಗಣಿತದ ಉಡುಪಿನಲ್ಲಿ 1670ರಲ್ಲಿ ಪ್ರಕಟಿಸಿದ್ದ. ಲೈಬ್ನಿಟ್ಸ್ 1675ರ ಅಕ್ಟೋಬರ್ 29ರಂದು ತನ್ನ ಟಿಪ್ಪಣಿಯಲ್ಲಿ ಉದ್ದನೆಯ ಎಸ್ ಅಕ್ಷರವನ್ನು ಮೊತ್ತದ ಗುರುತಾಗಿ ಬರೆದ. ಇಂದಿಗೂ ಪ್ರತಿ ಪಿಯುಸಿ ನೋಟ್‌ಪುಸ್ತಕದಲ್ಲಿ ಅದೇ ಹಾವಿನಂಥ ಗೆರೆ. ಆಮೇಲೆ ಯಾರು ಮೊದಲು ಎಂದು ನ್ಯೂಟನ್ ಮತ್ತು ಲೈಬ್ನಿಟ್ಸ್ ಕಡೆಯವರು ಕಚ್ಚಾಡಿದರು. ಲಂಡನ್ನಿನ ರಾಯಲ್ ಸೊಸೈಟಿ 1712ರಲ್ಲಿ ತೀರ್ಪು ಕೊಟ್ಟಿತು. ಸೊಸೈಟಿಯ ಅಧ್ಯಕ್ಷ ನ್ಯೂಟನ್, ತೀರ್ಪಿನ ಹಿಂದಿನ ಕೈಯೂ ಅವನದೇ. ಆ ಜಗಳಕ್ಕೆ ಇಷ್ಟು ಸಾಕು.

ನಮ್ಮ ಪಿಯುಸಿ ಪುಸ್ತಕದ ಮೇಲೆ ನನಗಿರುವ ತಕರಾರು ಇಲ್ಲೇ ಹುಟ್ಟುತ್ತದೆ. ಏಳನೆಯ ಅಧ್ಯಾಯದಲ್ಲಿ ಪೀಠಿಕೆ ದಾಟಿದೊಡನೆ ಪಾಠ ಶುರುವಾಗುವುದೇ ಅನುಕಲನ ಎಂದರೆ ಅವಕಲನದ, ಅಂದರೆ ಬದಲಾವಣೆಯ ವೇಗ ಕಂಡುಹಿಡಿಯುವ ವಿದ್ಯೆಯ, ತಿರುವುಮುರುವು ಎಂದು ಹೇಳಿ. ವಿಸ್ತೀರ್ಣದ ಲೆಕ್ಕಗಳಿಗೆ ಎಂಟನೆಯ ಅಧ್ಯಾಯದವರೆಗೆ ಕಾಯಬೇಕು, ಅದೂ ಅನ್ವಯ ಎಂಬ ಹೆಸರಿನಲ್ಲಿ. ಆರ್ಕಿಮಿಡೀಸ್‌ನಿಂದ ಹಿಡಿದು ಹತ್ತೊಂಬತ್ತು ಶತಮಾನ ಜನ ಅರಸಿದ್ದನ್ನು ಮೊದಲ ಪುಟಗಳಲ್ಲೇ ವ್ಯಾಖ್ಯೆ ಮಾಡಿ ಕೊಟ್ಟರೆ ಆಶ್ಚರ್ಯಪಡುವುದಕ್ಕೆ ಏನು ಉಳಿಯಿತು? ವ್ಯಾಖ್ಯೆಯ ಮೇಲೆ ಯಾರೂ ಬೆರಗಾಗುವುದಿಲ್ಲ. ಮಕ್ಕಳು ಸೂತ್ರಗಳ ಪಟ್ಟಿ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಗುಣಲಬ್ಧವನ್ನು ಅನುಕಲಿಸುವಾಗ ಯಾವುದು ಮೊದಲು ಯಾವುದು ಆಮೇಲೆ ಎನ್ನುವುದಕ್ಕೆ ಐಲೇಟ್ ಎಂಬ ಮಂತ್ರ ಉರುಹೊಡೆಯುತ್ತಾರೆ. ಕೊನೆಯಲ್ಲಿ ಪ್ಲಸ್ ಸಿ ಬರೆಯದಿದ್ದರೆ ಮಾರ್ಕ್ಸ್ ಕತ್ತರಿ ಎಂದು ಹೆದರುತ್ತಾರೆ. ಆ ಸಿ ಎಷ್ಟು ಸೊಗಸಾದ ಅಕ್ಷರ! ಒಳಹರಿವಿನ ಅಂಕಿಗಳನ್ನೆಲ್ಲ ಒಂದೂ ಬಿಡದೆ ಕೊಟ್ಟರೂ ಕಟ್ಟೆಯಲ್ಲಿ ಈಗ ಎಷ್ಟು ನೀರಿದೆ ಎಂದು ಹೇಳಲಾಗದು. ಮಳೆಗಾಲಕ್ಕೆ ಮುಂಚೆ ಎಷ್ಟಿತ್ತು ಎಂದು ಬೇರೆಯಾಗಿ ಗೊತ್ತಿರಬೇಕು. ಆ ಹಳೆಯ ನೀರೇ ಸಿ. ಎರಡು ನೋಟಗಳ ನಡುವೆ ಕಳೆಯುವಾಗ ಅದು ಎರಡೂ ಕಡೆ ಇರುವುದರಿಂದ ತಾನಾಗಿ ಬಿದ್ದುಹೋಗುತ್ತದೆ. ಹುಡುಗಿಗೆ ಇಷ್ಟು ಹೇಳಿದ್ದೇ, "ಓ, ಅದಕ್ಕೇನಾ ಡೆಫಿನಿಟ್‌ನಲ್ಲಿ ಸಿ ಹಾಕದೇ ಇರೋದು!" ಎಂದಳು. ಅವಳ ಮುಖ ನೋಡಬೇಕಿತ್ತು.

ಇಷ್ಟಾದ ಮೇಲೂ ಈ ವಿದ್ಯೆ ಪೂರ್ತಿ ಪಳಗುವುದಿಲ್ಲ, ಅದೇ ಅದರ ಚೆಂದ. ಅವಕಲನ ಸಾಧು, ಯಾವ ಸೂತ್ರ ಕೊಟ್ಟರೂ ನಿಯಮದ ಪ್ರಕಾರ ಬಿಡಿಸಿ ಕೊಡುತ್ತದೆ. ತಿರುಗಿ ಬರುವ ದಾರಿಗೆ ಅಂಥ ಭರವಸೆ ಇಲ್ಲ. ಅಂಕಿಅಂಶದವರು ದಿನಬೆಳಗಾದರೆ ಬಳಸುವ ಗಂಟೆಯಾಕಾರದ ರೇಖೆಯನ್ನೇ ತೆಗೆದುಕೊಳ್ಳಿ. ನಡುವೆ ಉಬ್ಬಿ, ಎರಡು ಬದಿಗೂ ಇಳಿದು, ನೆಲಕ್ಕೆ ತಾಗಿಯೂ ತಾಗದಂತೆ ಅನಂತದವರೆಗೆ ಹೋಗುವ ರೇಖೆ. ಬರೆಯಲು ಅಂಗೈಯಗಲದ ಸೂತ್ರ: ಇ ಎಂಬ ಸಂಖ್ಯೆಯ ತಲೆಯ ಮೇಲೆ ಋಣ ಎಕ್ಸ್ ವರ್ಗ. ಇದರ ಕೆಳಗಿನ ಜಾಗವನ್ನು ಇಲ್ಲಿಂದ ಅಲ್ಲಿಯವರೆಗೆ ಎಂದು ಕೇಳಿದರೆ, ನಮಗೆ ಗೊತ್ತಿರುವ ಘಾತ, ಮೂಲ, ಜ್ಯಾ, ಲಘುಗಣಕಗಳನ್ನು ಹೇಗೆ ಹೆಣೆದರೂ ಉತ್ತರ ಬರೆಯಲು ಬರುವುದಿಲ್ಲ. ನಮಗೆ ಜಾಣತನ ಸಾಲದು ಎಂದಲ್ಲ. ಅಂಥ ಸೂತ್ರ ಇಲ್ಲವೇ ಇಲ್ಲ. 1830ರ ದಶಕದಲ್ಲಿ ಫ್ರಾನ್ಸಿನ ಲಿಯೂವಿಲ್ ಮಾಡಿದ ಕೆಲಸದಿಂದ ಇದು ಖಚಿತವಾಯಿತು.

ಆದರೆ ಈ ತುದಿಯಿಂದ ಆ ತುದಿಯವರೆಗೆ, ಅನಂತದಿಂದ ಅನಂತಕ್ಕೆ, ಪೂರ್ತಿ ಜಾಗ ಎಷ್ಟೆಂದು ಕೇಳಿದರೆ ಉತ್ತರವಿದೆ, ಚೂರೂ ಸಂದೇಹವಿಲ್ಲದ ಉತ್ತರ: ಪೈಯ ವರ್ಗಮೂಲ, 1.7724 ಚಿಲ್ಲರೆ. ಈ ರೇಖೆಯಲ್ಲಿ ಎಲ್ಲಿಯೂ ವೃತ್ತವಿಲ್ಲ, ಪೈ ಎಲ್ಲಿಂದ ಬಂತು? ರೇಖೆಯನ್ನು ಅದರ ನಡುಗಂಬದ ಸುತ್ತ ಒಂದು ಸುತ್ತು ತಿರುಗಿಸಿ. ಒಂದು ಗುಡ್ಡ ಏಳುತ್ತದೆ. ಈ ಗುಡ್ಡವನ್ನು ಎರಡು ರೀತಿ ಕತ್ತರಿಸಬಹುದು. ಬ್ರೆಡ್ಡು ಕತ್ತರಿಸುವ ಹಾಗೆ ಸಾಲಾಗಿ ಕತ್ತರಿಸಿದರೆ ಪ್ರತಿ ಹೋಳಿನ ಮುಖವೂ ಅದೇ ಗಂಟೆಯ ರೇಖೆ, ಎತ್ತರ ಮಾತ್ರ ಬೇರೆ ಬೇರೆ. ಹಾಗಾಗಿ ಗುಡ್ಡದ ಘನಫಲ ನಾವು ಹುಡುಕುತ್ತಿರುವ ಜಾಗದ ವರ್ಗ. ಇನ್ನೊಂದು ರೀತಿ, ನಡುಗಂಬದ ಸುತ್ತ ಒಂದರೊಳಗೊಂದು ಉಂಗುರಗಳಾಗಿ ಸೀಳುವುದು. ಪ್ರತಿ ಉಂಗುರದ ಸುತ್ತಳತೆಯಲ್ಲಿ ಎರಡು ಪೈ ಜೊತೆ ತ್ರಿಜ್ಯವೂ ಬರುತ್ತದೆ. ಬಯಸದೆ ಬಂದ ಆ ತ್ರಿಜ್ಯ ಒಳಗೆ ಸೇರಿದ್ದೇ ತಡ, ಬಿಡಿಸಲಾರದ ಲೆಕ್ಕ ಪಿಯುಸಿ ಮಟ್ಟದ ಲೆಕ್ಕವಾಗಿಬಿಡುತ್ತದೆ. ಘನಫಲ ಪೈ ಎಂದು ಹೊರಬೀಳುತ್ತದೆ. ಜಾಗದ ವರ್ಗ ಪೈ. ಜಾಗ, ಅದರ ಮೂಲ.

ಇದನ್ನು ಹೇಳಿ ಮುಗಿಸಿದಾಗ ತಂಗಿಯ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆಂಗೆ ಕತ್ತರಿಸಿದ್ರೂ ಗುಡ್ಡ ಒಂದೇ ತಾನೆ ಮಾವ? ಎರಡೂ ಒಂದೇ ಆಗ್ಲೇಬೇಕಲ್ಲ?" ಎಂದಳು. ಗುಡ್ಡ ಎಲ್ಲ ಕಡೆಯೂ ನೆಲದ ಮೇಲೆಯೇ ಇದ್ದರೆ ಹೌದು. ಎಲ್ಲಿ ಹೌದು, ಎಲ್ಲಿ ಅಲ್ಲ ಎಂದು ಇಟಲಿಯ ಫುಬಿನಿ 1907ರಲ್ಲಿ ಒಂದು ಪ್ರಮೇಯವನ್ನೇ ಬರೆಯಬೇಕಾಯಿತು, ಯಾಕೆಂದರೆ ದಿಬ್ಬವೂ ಹೊಂಡವೂ ಅನಂತವಾಗಿ ಬೆರೆತಲ್ಲಿ ಕತ್ತರಿಸುವ ದಿಕ್ಕು ಬದಲಾದರೆ ಮೊತ್ತವೂ ಬದಲಾಗಬಹುದು. ಅವಳಿಗೆ ಒಂದು ಲೆಕ್ಕ ಬರೆದುಕೊಟ್ಟೆ. ಎಕ್ಸ್ ವರ್ಗದಲ್ಲಿ ವೈ ವರ್ಗ ಕಳೆ. ಅದನ್ನು ಎರಡೂ ವರ್ಗಗಳ ಮೊತ್ತದ ವರ್ಗದಿಂದ ಭಾಗಿಸು. ಸೊನ್ನೆಯಿಂದ ಒಂದರವರೆಗಿನ ಚೌಕದ ಮೇಲೆ ಇದನ್ನು ಮೊದಲು ವೈ ಹಿಡಿದು ಆಮೇಲೆ ಎಕ್ಸ್ ಹಿಡಿದು ಕೂಡಿದರೆ ಪೈಯ ಕಾಲುಭಾಗ. ಮೊದಲು ಎಕ್ಸ್, ಆಮೇಲೆ ವೈ ಎಂದರೆ ಅದೇ ಕಾಲುಭಾಗ, ಹಿಂದೆ ಋಣ ಚಿಹ್ನೆಯೊಂದಿಗೆ. ಅದೇ ಚೌಕ, ಅದೇ ಸೂತ್ರ.

"ಇಲ್ಲ ಬಿಡಿ, ಎಲ್ಲೋ ಸೈನ್ ಮಿಸ್ಟೇಕ್ ಮಾಡಿರ್ತೀರ" ಎಂದು ಪುಸ್ತಕ ಎಳೆದುಕೊಂಡು ಕೂತಳು.